ಪೆಟ್ಟಿಗೆ ಜಾಗ ಬದಲಿಸಿದ ಸಂಜೆ

"ಆ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಇಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು? ಎತ್ತಿ."

ಪೃಥ್ವಿರಾಜನ ದನಿ ಏರಲಿಲ್ಲ. ಏರಿಸಬೇಕಾದ ಗತಿ ಅವನಿಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ. ಮಂಗಳೂರಿನ ನಂತೂರು ಜಂಕ್ಷನ್ನಿಗೆ ಮುಖ ಮಾಡಿ ನಿಂತ ಈ ಹೋಟೆಲು ಅವನದು, ಈ ಸಭಾಂಗಣ ಅವನದು, ಗೋಡೆ ತುಂಬ ಹರಡಿದ್ದ ಆ ದೊಡ್ಡ ಪರದೆಯೂ ಅವನದು. ಕೆಳಗೆ ಲಾರಿಗಳು ಗೇರು ಬದಲಿಸಿದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಅದೊಂದು ಮಾತ್ರ ಅವನ ಹಿಡಿತದಲ್ಲಿ ಇದ್ದಂತಿರಲಿಲ್ಲ.

ಹೇಮಾಕ್ಷಿ ಎತ್ತಲಿಲ್ಲ. ಹೂದಾನಿಯನ್ನು ಬದಿಗೆ ತಳ್ಳಿ, ಲ್ಯಾಪ್‌ಟಾಪನ್ನು ಇನ್ನಷ್ಟು ನಡುವಿಗೆ ತಂದು ತೆರೆದಳು. ಒಂದು ಕಾಲದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದು, ಮೇಲಿನವರ ಜೊತೆ ಜಗಳವಾಡಿ ಹೊರಬಂದು, ಈಗ ವಕೀಲರಿಗಾಗಿ ಪತ್ತೆ ಕೆಲಸ ಮಾಡುತ್ತಿದ್ದ ಹೆಂಗಸು. ಇಂಥ ಧನಿಗಳ ಗತ್ತನ್ನು ಅವಳು ಬೇಕಾದಷ್ಟು ನೋಡಿದ್ದಳು. ಅದರ ಮುಂದೆ ತಲೆ ತಗ್ಗಿಸುವ ಅಭ್ಯಾಸ ಮಾತ್ರ ಅವಳಿಗೆ ಕೊನೆಗೂ ಬಂದಿರಲಿಲ್ಲ.

"ಎತ್ತುವುದಕ್ಕೆ ತಂದದ್ದಲ್ಲ, ತೋರಿಸ್ಲಿಕ್ಕೆ ತಂದದ್ದು," ಎಂದಳು.

"ತೋರಿಸಿ ಬೇಗ ಹೊರಡಿ. ನನ್ನ ಮನೆಯ ಕಾರ್ಯಕ್ರಮಕ್ಕೆ ಕೆಲಸ ಮಾಡುತ್ತಿದ್ದ ಒಬ್ಬ ಸತ್ತ ಅಂತ ನನ್ನ ಹೋಟೆಲಿಗೆ ಪೊಲೀಸು ಬರುವುದು, ನನ್ನ ಗಿರಾಕಿಗಳು ನೋಡುವುದು! ಎಂತ ಮಾರಾಯ್ರೇ ಇದು?" ಕೊನೆಯ ಮಾತು ಬಾಗಿಲ ಬಳಿ ಕೈ ಕಟ್ಟಿ ಕೂತಿದ್ದ ಇನ್‌ಸ್ಪೆಕ್ಟರ್ ಗುರುವಪ್ಪನಿಗೆ.

ಗುರುವಪ್ಪ ಹೇಮಾಕ್ಷಿಯ ಕಡೆ ಬೆರಳು ತೋರಿಸಿದ. ತನ್ನದೇನಿದ್ದರೂ ಪ್ರೇಕ್ಷಕನ ಕೆಲಸ ಎಂಬಂತೆ.

ಫಳ್ನೀರಿನಲ್ಲಿ ತನ್ನ ಆಫೀಸಿದ್ದ ಕಟ್ಟಡದ ಹಿಂದಿನ ತೆರೆದ ಮೆಟ್ಟಿಲಿನಿಂದ ಬಿದ್ದು ಪ್ರೋಗ್ರಾಮರ್ ನೊರ್ಬರ್ಟ್ ಸತ್ತಿದ್ದ. ಅವನನ್ನು ತಳ್ಳಿದಳೆಂಬ ಆರೋಪದಲ್ಲಿ ಅವನ ಸಹೋದ್ಯೋಗಿ ಅನುಷ್ಕಾ ಜೈಲಿನಲ್ಲಿದ್ದಳು. ಅವಳ ಜಾಮೀನು ಅರ್ಜಿ ಇವತ್ತು ಯಾವ ಹೊತ್ತಿಗಾದರೂ ಕೋರ್ಟಿನಲ್ಲಿ ಕರೆಗೆ ಬರುವುದಿತ್ತು. ಆ ಹುಡುಗಿ ನಿರಪರಾಧಿ ಎಂದು ಇಡೀ ಮಂಗಳೂರಿನಲ್ಲಿ ನಂಬಿದ್ದವರು, ಅವಳ ಹೆತ್ತವರನ್ನು ಬಿಟ್ಟರೆ, ಹೇಮಾಕ್ಷಿ ಒಬ್ಬಳೇ.

ಬರುವಾಗ ಜೀಪಿನಲ್ಲಿ ಗುರುವಪ್ಪ ಅದನ್ನೇ ಹಂಗಿಸಿದ್ದ. "ಹುಡುಗಿ ತೊಕ್ಕೊಟ್ಟಿನಲ್ಲಿ ಮನೆಯಲ್ಲಿದ್ದಳು ಅಂತೀರಿ. ಫೋನ್ ಮನೆಯಲ್ಲಿ ಉಂಟು ಅಂದ್ರೆ ಹುಡುಗಿಯೂ ಮನೆಯಲ್ಲಿ ಉಂಟು ಅಂತ ಅರ್ಥವಾ? ಅವಳ ಐಡಿ ಕಾರ್ಡಿನ ದಾರ ಹಿಂದಿನ ಮೆಟ್ಟಿಲಲ್ಲಿ ಎಂತ ಮಾಡ್ತಿತ್ತು?"

"ಅದು ಮೊದಲೇ ಕಳೆದುಹೋಗಿತ್ತು ಅಂತ ಅವಳು ಹೇಳಿದ್ದಾಳೆ."

"ಅವಳು ಹೇಳಿದ್ದಾಳೆ! ಸರಿ, ಬರ್ತೇನೆ. ನಿಮ್ಮ ಆ ಧನಿ ಬಾಯಿ ಬಿಡದಿದ್ದರೆ ಮತ್ತೆ ನನ್ನ ಸ್ಟೇಷನ್ನಿನ ಮೆಟ್ಟಿಲು ಹತ್ತಬೇಡಿ."

ಹೇಮಾಕ್ಷಿಯೇ ಅವನನ್ನು ಬಲವಂತದಿಂದ ಕರೆತಂದಿದ್ದಳು. ಇಲ್ಲಿ ಬಾಯಿಂದ ಬೀಳುವ ಮಾತನ್ನು ಒಬ್ಬ ಪೊಲೀಸು ತನ್ನ ಕಿವಿಯಲ್ಲೇ ಕೇಳಬೇಕಿತ್ತು. ಏಕೆಂದರೆ ಅವಳ ಬಲೆಯೇ ಅಂಥದ್ದು.

ಆ ಬಲೆಯ ನೂಲು ಕೊಟ್ಟವಳು ಅನುಷ್ಕಾ. ಬೆಳಿಗ್ಗೆ ಜೈಲಿನ ಭೇಟಿ ಕೋಣೆಯಲ್ಲಿ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದ ಆ ಹುಡುಗಿ ಕೆಲಸದ ಮಾತು ಬಂದಾಗ ಮಾತ್ರ ಚುರುಕಾಗಿದ್ದಳು.

"ಬ್ರೌಸರಿನಲ್ಲಿ ಚಿತ್ರ ಬಿಡಿಸ್ಲಿಕ್ಕೆ ಲೈಬ್ರರಿ ಅಂತ ಉಂಟು ಮೇಡಂ. ಯಾರೋ ಬರೆದಿಟ್ಟ ರೆಡಿ ಕೋಡ್. ಪೆಟ್ಟಿಗೆ, ಗೆರೆ, ಬಾಣ ಎಲ್ಲ ಅದರಲ್ಲಿ ಸಿಗ್ತದೆ. ವಂಶವೃಕ್ಷ ಬೇಕು ಅಂದ್ರೆ ಅದೇ ಬಿಡಿಸಿ ಕೊಡ್ತದೆ. ಆದ್ರೆ ಅದಕ್ಕೆ ಗೊತ್ತಿರುವುದು ಅಪ್ಪ, ಅಪ್ಪನ ಕೆಳಗೆ ಮಕ್ಕಳು. ಗುತ್ತಿನವರಿಗೆ ಅದು ಆಗ್ತದಾ?"

ಆಗುವುದಿಲ್ಲ. ಹೇಮಾಕ್ಷಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ, ಅವಳ ಮನೆಯದೂ ಅದೇ ಕಟ್ಟು. ಗುತ್ತು ಎಂಬ ತುಳುನಾಡಿನ ಹಳೆಯ ಯಜಮಾನ ಮನೆಗಳ ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಮನೆ ಬೆಳೆಯುವುದು ಹೆಣ್ಣುಮಕ್ಕಳಲ್ಲಿ, ಮನೆಯ ಗಡಿ ಹಿಡಿಯುವ ಯಜಮಾನಿಕೆ ಹೋಗುವುದು ಮಾವನಿಂದ ಅಳಿಯನಿಗೆ. ಮೂಡಮಜಲು ಗುತ್ತಿನ ಗಡಿ ಹಿಡಿಯಲು ಹೊರಟಿದ್ದ ಪೃಥ್ವಿರಾಜ್, ಇಡೀ ಕುಟುಂಬವನ್ನು ಈ ಹೋಟೆಲಿನಲ್ಲಿ ಸೇರಿಸಿ, ವಂಶವೃಕ್ಷವನ್ನು ಈ ದೊಡ್ಡ ಪರದೆಯ ಮೇಲೆ ಮೆರೆಸಲು ನೊರ್ಬರ್ಟ್‌ಗೆ ಕೆಲಸ ಕೊಟ್ಟಿದ್ದ.

"ಹಾಗಾಗಿ ನಾವೇ ಒಂದು ಹೊಸ ಎಲಿಮೆಂಟ್ ಮಾಡಿದೆವು. 'ಮನೆ' ಅಂತ ಹೆಸರಿಟ್ಟದ್ದು," ಎಂದಿದ್ದಳು ಅನುಷ್ಕಾ. "ತನ್ನೊಳಗಿನ ಪೆಟ್ಟಿಗೆಗಳು ಎಲ್ಲಿ ಕೂತ್ಕೊಳ್ಬೇಕು ಅಂತ ಅದೇ ಲೆಕ್ಕ ಹಾಕ್ತದೆ. ಹೆಂಗಸು ನಡುವೆ, ಗಂಡ ಪಕ್ಕದಲ್ಲಿ ಸಣ್ಣ ಪೆಟ್ಟಿಗೆ. ಮಕ್ಕಳು ಹೆಂಗಸಿನ ಕೆಳಗೆ. ಗಂಡಸಿನ ಪೆಟ್ಟಿಗೆಯಿಂದ ಕೆಳಗೆ ಗೆರೆಯೇ ಇಳಿಯುವುದಿಲ್ಲ. ನೊರ್ಬರ್ಟ್‌ಗೆ ಇದು ಅರ್ಥ ಆಗ್ಲಿಕ್ಕೇ ತುಂಬ ದಿನ ಹಿಡಿಯಿತು. ಅವರ ಕೊಂಕಣಿ ಮನೆಗಳಲ್ಲಿ ಎಲ್ಲ ಅಪ್ಪನ ಹೆಸರಲ್ಲಿ ಅಲ್ವಾ?"

"ಆ ಸಂಜೆ ಎಂತ ಆಯ್ತು?"

"ಮನೆಯಿಂದ ನಾನೊಂದು ಬದಲಾವಣೆ ಕಳಿಸಿದೆ. ನಮ್ಮ ಈ 'ಮನೆ' ಲೇಔಟನ್ನು ಲೈಬ್ರರಿಗೆ ಪರಿಚಯ ಮಾಡಿಕೊಡುವ ಸಾಲು ಅದರಲ್ಲಿ ಅಳಿಸಿಹೋಗಿತ್ತು. ನನ್ನದೇ ತಪ್ಪು. ಲೈಬ್ರರಿ ಬೊಬ್ಬೆ ಹಾಕುವುದಿಲ್ಲ ಮೇಡಂ. ನಮ್ಮ ಲೇಔಟ್ ಸಿಗದಿದ್ದರೆ ಸುಮ್ಮನೆ ತನ್ನದನ್ನು ಹಾಕಿ ಬಿಡಿಸ್ತದೆ. ನೊರ್ಬರ್ಟ್‌ನ ಸ್ಕ್ರೀನಿನಲ್ಲಿ ಇಡೀ ಕುಟುಂಬ ಅಪ್ಪಂದಿರ ಕೆಳಗೆ ಹೋಗಿ ಕೂತಿತು. ಅವನು ಫೋನ್ ಮಾಡಿ ನನಗೆ ಬೈದ. ತಾನೇ ಸರಿಮಾಡ್ತೇನೆ ಅಂತ ಇಟ್ಟ."

ಮರುದಿನ ಪೊಲೀಸರು ಆ ಕಂಪ್ಯೂಟರ್ ತೆರೆದಾಗ ಎಲ್ಲ ಸರಿಯಾಗಿಯೇ ಇತ್ತು. ಹೊರಗಿನ ಸೈಟಿಗೆ ಆ ತಪ್ಪು ಚಿತ್ರ ಹೋಗಲೇ ಇಲ್ಲ. ಅಂದರೆ ಅದು ಬದುಕಿದ್ದು ಒಂದೇ ಸಂಜೆ, ಫಳ್ನೀರಿನ ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮೇಲೆ. ಅದನ್ನು ಕಂಡವರು ಯಾರೋ ಅವರು ಆ ಸಂಜೆ ಆ ಕೋಣೆಯಲ್ಲಿದ್ದರು. ಹೇಮಾಕ್ಷಿಯ ಬಲೆ ಇಷ್ಟೇ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ನೊರ್ಬರ್ಟ್‌ಗೆ ಫೋನಿನಲ್ಲಿ ಕೈಕಾಲು ಮುರೀತೇನೆ ಅಂದಿದ್ದಿರಿ," ಎಂದು ಅವಳು ಈಗ ನೇರ ಬಿದ್ದಳು.

"ಹೇಳಿದ್ದೇನೆ." ಪೃಥ್ವಿರಾಜ್ ಕುರ್ಚಿಗೆ ಒರಗಿದ. "ಕೆಲಸ ತಡ ಮಾಡಿದ, ಹೇಳಿದೆ. ನನ್ನ ಅಡುಗೆ ಭಟ್ಟನಿಗೂ ದಿನಾ ಹೇಳ್ತೇನೆ. ಬೇಕಾದ್ರೆ ಕೆಳಗೆ ಹೋಗಿ ನೋಡಿ, ಕೈಕಾಲು ಎರಡೂ ಉಂಟು ಅವನಿಗೆ."

ಗುರುವಪ್ಪ ಕಿಸಕ್ಕನೆ ನಕ್ಕ. ಹೇಮಾಕ್ಷಿಗೆ ಮೈ ಉರಿಯಿತು.

"ಆ ಸಂಜೆ ಎಲ್ಲಿದ್ದಿರಿ?"

"ಇಲ್ಲಿ. ನೂರು ಜನ ಸಾಕ್ಷಿ ಕೊಡ್ತೇನೆ. ಬೇಕಾ?"

"ಸಾಕ್ಷಿ ಆಮೇಲೆ. ಮೊದಲು ಇದು ಹೇಳಿ. ವಂಶವೃಕ್ಷದಲ್ಲಿ ನಿಮಗೆ ಹಿಡಿಸದ್ದು ಎಂತ?"

"ನನ್ನ ಫೋಟೋ. ಸಣ್ಣದಾಗಿತ್ತು."

"ನಿಮ್ಮ ಹೆಸರು ಯಾರ ಕೆಳಗಿತ್ತು?"

ಅವನು ಅವಳನ್ನು ಬುದ್ಧಿ ಸರಿಯಿಲ್ಲದವರನ್ನು ನೋಡುವ ಹಾಗೆ ನೋಡಿದ. "ಅಮ್ಮನ ಕೆಳಗೆ. ಮತ್ತೆ ಯಾರ ಕೆಳಗೆ ಇರ್ಬೇಕಿತ್ತು? ನೀವು ತುಳುವರೇ ಅಲ್ವಾ?"

ಒಂದು ಕ್ಷಣವೂ ತಡವರಿಸದೆ ಬಂದ ಉತ್ತರ ಅದು. ತಪ್ಪು ಚಿತ್ರ ಕಂಡ ಮನುಷ್ಯ ಇಷ್ಟು ಸರಾಗವಾಗಿ ಹೇಳಲಾರ, ಕಣ್ಣಿನಲ್ಲಾದರೂ ಏನಾದರೂ ಅಲುಗಬೇಕಿತ್ತು. ಏನೂ ಅಲುಗಲಿಲ್ಲ. ಇವನಲ್ಲ. ಇವನ ಮೇಲೆ ಎಷ್ಟೇ ಸಿಟ್ಟು ಬರಲಿ, ಇವನಲ್ಲ.

ಗುರುವಪ್ಪ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಆಯ್ತಾ ಮೇಡಂ ಸಿನಿಮಾ? ಜನ ಇಲಾಖೆ ಬಿಟ್ಟರೂ ಇಲಾಖೆ ಜನರನ್ನು ಬಿಡುವುದಿಲ್ಲ ನೋಡಿ. ಧನಿಗಳೇ, ತೊಂದರೆ ಕೊಟ್ಟದ್ದಕ್ಕೆ ಬೇಜಾರು ಮಾಡ್ಬೇಡಿ."

"ಇವರನ್ನು ಗೇಟಿನ ಹೊರಗೆ ಬಿಟ್ಟು ಬನ್ನಿ. ಇನ್ನೊಮ್ಮೆ ಒಳಗೆ ಕಂಡರೆ ನಾಯಿ ಬಿಡ್ತೇನೆ," ಎಂದ ಪೃಥ್ವಿರಾಜ್.

ಹೇಮಾಕ್ಷಿ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಸೋತ ಸಿಟ್ಟು ಅವಳ ನಾಲಿಗೆಯ ಮೇಲೆ ಬಂತು. ಅದರಲ್ಲಿ ಯಾವ ಉಪಾಯವೂ ಇರಲಿಲ್ಲ, ಬರಿಯ ಸಂಕಟವಿತ್ತು.

"ನಿಮ್ಮ ಮನೆಯ ಮರ್ಯಾದೆಗೋಸ್ಕರ ಆ ಹುಡುಗ ರಾತ್ರಿ ಹಗಲು ಕೂತು ಬಿಡಿಸಿದ್ದ. ಅವನ ಶವಕ್ಕೆ ಒಂದು ಹೂವು ಹಾಕ್ಲಿಕ್ಕೂ ನೀವು ಹೋಗ್ಲಿಲ್ಲ. ಅಷ್ಟು ಚಂದದಲ್ಲಿ ನಿಮ್ಮ ಹಿರಿಯರನ್ನು ಕೂರಿಸಿದವನು—"

"ಚಂದದಲ್ಲಾ?"

ಎಲ್ಲರೂ ತಿರುಗಿದರು. ಕಿಟಕಿಯ ಪಕ್ಕದ ಸೋಫಾದಲ್ಲಿ ಪೃಥ್ವಿರಾಜನ ತಾಯಿ ಶಶಿಪ್ರಭಾ ಕೂತಿದ್ದರು. ಬಂದಾಗಿನಿಂದ ಒಂದು ಮಾತಾಡಿರಲಿಲ್ಲ. ಮಂಡಿಯ ಆಪರೇಷನ್ ಆದ ಮೇಲೆ ಹೋಟೆಲಿನ ಮೇಲಂತಸ್ತಿನ ಮನೆ ಬಿಟ್ಟು ಹೊರಗೆ ಕಾಲಿಟ್ಟವರಲ್ಲ ಎಂದು ಮಗ ಪೊಲೀಸರಿಗೆ ಹೇಳಿದ್ದರಿಂದ, ಅವರನ್ನು ಯಾರೂ ಏನೂ ಕೇಳಿಯೂ ಇರಲಿಲ್ಲ. ಈಗ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದರು.

"ಯಾವ ಮರ್ಯಾದೆ ಕಾಪಾಡಿದ ಆ ಪೊರ್ಬು, ಆ ಕಿರಿಸ್ತಾನ ಹುಡುಗ? ನನ್ನ ಅಜ್ಜಿಯನ್ನು ಮೂಲೆಗೆ ತಳ್ಳಿ ಅವರ ಗಂಡನನ್ನು ಮೇಲೆ ಕೂರಿಸಿದವನು! ಎಲ್ಲಿಂದಲೋ ಸಂಬಂಧ ಮಾಡಿಕೊಂಡು ಬಂದ ಗಂಡಸು ಮೂಡಮಜಲಿನ ತಲೆಯಲ್ಲಿ! ನನ್ನನ್ನೂ ಇವನನ್ನೂ ಕೊಂಡುಹೋಗಿ ನನ್ನ ಗಂಡನ ಮನೆಯ ಬುಡದಲ್ಲಿ ನೇತುಹಾಕಿದ. ನಾನೆಂತ ಆ ಮನೆಯಲ್ಲಿ ಹುಟ್ಟಿದವಳಾ? ಊರಿನ ಮುಂದೆ ಅದನ್ನು ತೋರಿಸಿದ್ರೆ ಇವನಿಗೆ ಯಾವ ಗಡಿ, ಯಾವ ಗುತ್ತು?"

ಕೆಳಗೆ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋಯಿತು.

ಪೃಥ್ವಿರಾಜನೇ ಮೊದಲು ಮಾತಾಡಿದ. "ಅಮ್ಮ, ಎಂತ ಹೇಳ್ತಿದ್ದೀರಿ? ಹಾಗೆ ಎಲ್ಲಿಯೂ ಇಲ್ಲ. ಇಲ್ಲಿ ನೋಡಿ." ಲ್ಯಾಪ್‌ಟಾಪನ್ನು ತಾನೇ ತಾಯಿಯ ಕಡೆ ತಿರುಗಿಸಿದ. "ಅಜ್ಜಿ ನಡುವೆಯೇ ಇದ್ದಾರೆ. ನೀವು ಅವರ ಸಾಲಿನಲ್ಲಿ. ನಾನು ನಿಮ್ಮ ಕೆಳಗೆ."

"ಈಗ ಹಾಗೆ ಇಲ್ಲ," ಎಂದಳು ಹೇಮಾಕ್ಷಿ. ಅವಳ ದನಿ ಅವಳಿಗೇ ದೂರದಿಂದ ಕೇಳಿದಂತಿತ್ತು. "ನೊರ್ಬರ್ಟ್ ಸತ್ತ ಸಂಜೆ ಇತ್ತು. ಅವನ ಒಂದೇ ಸ್ಕ್ರೀನಿನಲ್ಲಿ. ಗುರುವಪ್ಪನವರೇ, ಆ ತಪ್ಪು ಚಿತ್ರದ ಬಗ್ಗೆ ಜೀಪಿನಲ್ಲಿ ನಾನು ಹೇಳಿದ್ದು ನೆನಪುಂಟಲ್ಲ?"

ಗುರುವಪ್ಪ ಟೋಪಿ ತೆಗೆದ. ಕುರ್ಚಿಯನ್ನು ಸೋಫಾದ ಹತ್ತಿರ ಎಳೆದುಕೊಂಡು ಕೂತ. ಅವನಲ್ಲಿದ್ದ ಹಳೆಯ ಪೊಲೀಸು ಎಚ್ಚರಗೊಂಡಿದ್ದ.

ಪೃಥ್ವಿರಾಜನ ಮುಖದಲ್ಲಿ ಬಣ್ಣ ಇಳಿಯುತ್ತಿತ್ತು. "ಅದು... ನಾನೇ ಅಮ್ಮನಿಗೆ ಹೇಳಿದ್ದು. ನಾನು ನೋಡಿ ಬಂದು ಹೇಳಿದ್ದು."

"ಈಗಷ್ಟೇ ಹಾಗೆ ಎಲ್ಲಿಯೂ ಇಲ್ಲ ಅಂದಿರಿ," ಎಂದಳು ಹೇಮಾಕ್ಷಿ.

"ಸುಮ್ಮನಿರು ಪೃಥ್ವಿ," ಎಂದರು ಶಶಿಪ್ರಭಾ. "ನನಗೆ ನಿನ್ನ ಸುಳ್ಳು ಬೇಡ. ಹೋದದ್ದು ನಾನು. ರಿಕ್ಷಾ ಮಾಡಿ ಹೋದದ್ದು. ಕಾರು ಹೇಳಿದ್ರೆ ನಿನಗೆ ಗೊತ್ತಾಗ್ತದೆ, ಮಂಡಿ, ಡಾಕ್ಟರು ಅಂತ ಶುರು ಮಾಡ್ತೀ. ಊರೆಲ್ಲ ನೋಡುವ ಮೊದಲು ನನ್ನ ಕುಟುಂಬವನ್ನು ನಾನು ನೋಡ್ಬೇಕಿತ್ತು. ಯಾರ ಮೇಲೂ ನನಗೆ ನಂಬಿಕೆ ಇಲ್ಲ, ನಿನ್ನ ಮೇಲೂ ಇಲ್ಲ."

ಹೇಮಾಕ್ಷಿಗೆ ಕುಣಿಯುವಷ್ಟು ಸಂತೋಷವಾಯಿತು. ಹೌದು, ಸಂತೋಷವೇ. ಒಬ್ಬ ವಯಸ್ಸಾದ ಹೆಂಗಸು ಕೊಲೆಯ ಅಂಚಿಗೆ ಬಂದು ನಿಂತಿರುವಾಗ ಹಾಗೆನಿಸುವುದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ತಪ್ಪಿದ್ದು ಒಂದು ಲೇಔಟ್. ಅದನ್ನು ಇವರು ಅವಮಾನ ಎಂದುಕೊಂಡರು. ಬೇರೆ ಕಡೆಯ ಯಾರಾದರೂ ಆಗಿದ್ದರೆ ಆ ಚಿತ್ರ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಇಲ್ಲಿ ಅದಕ್ಕೆ ಒಂದು ಜೀವ ಹೋಯಿತು. ಅನುಷ್ಕಾ ಇವತ್ತು ಸಂಜೆ ತಾಯಿಯ ಕೈಯ ಊಟ ಮಾಡುತ್ತಾಳೆ.

"ಸಿಟ್ಟು ಬಂತು ನಿಮಗೆ," ಎಂದಳು, ಕರುಣೆಯಿಲ್ಲದೆ. "ಬಾರದೆ ಇರ್ತದಾ? ಹುಟ್ಟಿದ ಮನೆಯಿಂದಲೇ ನಿಮ್ಮನ್ನು ಕಿತ್ತು ಹಾಕಿದ್ದ. ಹೇಳಿ ಶಶಿಪ್ರಭಕ್ಕ, ನೊರ್ಬರ್ಟ್‌ನ ಹತ್ತಿರ ಜಗಳ ಆಯ್ತು. ಜಗಳ ಹಿಂದಿನ ಮೆಟ್ಟಿಲಿನ ತನಕ ಹೋಯ್ತು. ಅಲ್ವಾ?"

ಶಶಿಪ್ರಭಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ, ತಿರಸ್ಕಾರವಿತ್ತು.

"ಜಗಳ ಮಾಡ್ಲಿಕ್ಕೆ ಅವನು ಅಲ್ಲಿ ಇರ್ಬೇಕಲ್ಲ?"

"ಅಂದ್ರೆ?"

"ಅವನು ಇರ್ಲಿಲ್ಲ. ನಾನು ಹೋಗುವಾಗ ಕೋಣೆಯಲ್ಲಿ ಇದ್ದದ್ದು ಒಬ್ಬಳೇ. ಆ ಹುಡುಗಿ. ನೀವು ಬಿಡಿಸ್ಲಿಕ್ಕೆ ಓಡಾಡ್ತಾ ಇದ್ದೀರಲ್ಲ, ಅವಳೇ."

ಗುರುವಪ್ಪನ ಕುರ್ಚಿ ಕಿರುಗುಟ್ಟಿತು.

"ಸುಳ್ಳು," ಎಂದಳು ಹೇಮಾಕ್ಷಿ.

"ನಾಲಿಗೆ ಬಿಗಿ ಹಿಡಿದು ಮಾತಾಡು. ನನಗೆ ಸುಳ್ಳು ಹೇಳಿ ಆಗ್ಬೇಕಾದ್ದು ಎಂತ ಉಂಟು? ಫಳ್ನೀರಿಗೆ ಹೋದದ್ದನ್ನು ನಾನೇ ಒಪ್ಪಿದೆ. ಇದೆಂತದು ಅಂತ ಆ ಚಿತ್ರ ತೋರಿಸಿ ಕೇಳಿದೆ. ಇದೆಲ್ಲ ನೊರ್ಬರ್ಟ್ ಮಾಡಿದ್ದು, ಅವನಿಗೆ ನಮ್ಮ ಕಟ್ಟುಕಟ್ಟಳೆ ಗೊತ್ತಿಲ್ಲ ಅಂದಳು."

ನನ್ನದೇ ತಪ್ಪು ಮೇಡಂ ಎಂದಿದ್ದಳು ಅನುಷ್ಕಾ, ಬೆಳಿಗ್ಗೆ, ಕಣ್ಣಲ್ಲಿ ನೀರು ತುಂಬಿಕೊಂಡು. ಹೇಮಾಕ್ಷಿ ಮೇಜಿನ ಅಂಚು ಹಿಡಿದುಕೊಂಡಳು.

"ಆಮೇಲೆ?"

"ಆಮೇಲೆ ಎಂತ? ಅವನ ಕುರ್ಚಿಯಲ್ಲೇ ಕೂತು ಎಂತದೋ ಒಂದು ಸಾಲು ಬರೆದಳು. ಒಂದೇ ಸಾಲು. ಅಷ್ಟಕ್ಕೆ ಪೆಟ್ಟಿಗೆಗಳೆಲ್ಲ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಅಜ್ಜಿ ನಡುವೆ ಬಂದರು. ನೋಡಿ ನನಗೆ ಸಮಾಧಾನ ಆಯ್ತು, ಬಂದೆ."

ಒಂದೇ ಸಾಲು. ಲೇಔಟನ್ನು ಲೈಬ್ರರಿಗೆ ಪರಿಚಯ ಮಾಡಿಕೊಡುವ, ಅಳಿಸಿಹೋಗಿದ್ದ ಆ ಸಾಲು. ಕಂಪ್ಯೂಟರ್ ಮುಟ್ಟಿಯೂ ಗೊತ್ತಿಲ್ಲದ ಈ ಹೆಂಗಸು ಅದನ್ನು ತಾವಾಗಿ ಕಟ್ಟಿ ಹೇಳುವುದು ಸಾಧ್ಯವಿಲ್ಲ. ಹೇಮಾಕ್ಷಿಗೆ ನಂಬದಿರಲು ಏನಾದರೊಂದು ಬೇಕಿತ್ತು. ಹುಡುಕಿದಳು, ಸಿಗಲಿಲ್ಲ.

"ನೊರ್ಬರ್ಟ್ ಎಲ್ಲಿ ಅಂತ ಕೇಳಿದಿರಾ?" ಈ ಪ್ರಶ್ನೆ ಗುರುವಪ್ಪನದು. ದನಿಯಲ್ಲಿ ಗೇಲಿ ಸ್ವಲ್ಪವೂ ಇರಲಿಲ್ಲ.

"ಕೇಳದೆ? ಚಾ ಕುಡೀಲಿಕ್ಕೆ ಹೋಗಿದ್ದಾನೆ, ಬರ್ತಾನೆ ಅಂದಳು. ಹಿಂದಿನ ಬಾಗಿಲು ಗಾಳಿಗೆ ಬಡೀತಾ ಇತ್ತು. ಎದ್ದು ಹೋಗಿ ಹಾಕಿ ಬಂದಳು. ಹೊರಗೆ ಇಣುಕಿಯೂ ನೋಡ್ಲಿಲ್ಲ."

"ಇಷ್ಟು ದಿನ ಇದನ್ನು ಯಾಕೆ ಹೇಳ್ಲಿಲ್ಲ ಅಮ್ಮ?" ಎಂದು ಗುರುವಪ್ಪನೇ ಕೇಳಿದ.

"ನೀವು ಹಿಡಿದದ್ದು ಅವಳನ್ನೇ ಅಲ್ವಾ?" ಎಂದರು ಶಶಿಪ್ರಭಾ. "ಸರಿಯಾದವಳನ್ನು ಹಿಡಿದ ಮೇಲೆ ನಾನು ಎಂತಕ್ಕೆ ಸ್ಟೇಷನ್ನಿಗೆ ಬರ್ಬೇಕು?"

ಪೃಥ್ವಿರಾಜ್ ನಿಧಾನವಾಗಿ ಉಸಿರು ಬಿಟ್ಟ. ಅವನ ತುಟಿಯ ಮೇಲೆ ಹಳೆಯ ಗತ್ತು ಮರಳಿ ಬರುತ್ತಿತ್ತು. ಹೇಮಾಕ್ಷಿಗೆ ಅವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು. ಅನುಷ್ಕಾಳ ವಕೀಲ ಹಸೈನಾರ್. ಕೋರ್ಟಿನ ಗದ್ದಲವನ್ನು ಮೀರಿ ಮಾತಾಡಲು ಅವನು ಕಿರುಚುತ್ತಿದ್ದ, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು.

"ಮೇಡಂ, ನಮ್ಮ ಅರ್ಜಿ ಕರೆದರು! ಜಡ್ಜು ಒಂದೇ ಪ್ರಶ್ನೆ ಕೇಳ್ತಿದ್ದಾರೆ, ಹುಡುಗಿ ಆ ಸಂಜೆ ಎಲ್ಲಿದ್ದಳು ಅಂತ. ಮನೆ ಬಿಟ್ಟು ಹೊರಗೆ ಕಾಲಿಡ್ಲೇ ಇಲ್ಲ, ನೀವೇ ಖುದ್ದು ವಿಚಾರಿಸಿದ್ದೀರಿ ಅಂತ ಹೇಳಿಬಿಡ್ತೇನೆ. ಆಗ್ಬಹುದಲ್ಲ?"

ಹೇಮಾಕ್ಷಿ ಮೊಬೈಲನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಎದುರಿಗೆ ಗುರುವಪ್ಪ ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರ ಎಳೆದ.

"ಹೇಳಿ ಮೇಡಂ," ಎಂದ ಅವನು ಮೆಲ್ಲಗೆ. "ನಾನೂ ಕೇಳ್ತಾ ಇದ್ದೇನೆ."